ಶುಂಠಿಗೆ ಗ್ಲಾಸ್ ಪರೀಕ್ಷೆ ಮಾಡ್ತೀವಿ, ನಮ್ಮ ಎದೆಗೆ ಯಾಕಿಲ್ಲ?

ಶುಂಠಿ ಬೆಳೆದವರಿಗೆಲ್ಲ ಈ ಅನುಭವ ಆಗಿರುತ್ತೆ. ಮಳೆ ಹಿಡಿದ ಮೇಲೆ ಮಡಿಯ ಒಂದು ಮೂಲೆಯಲ್ಲಿ ಎಲೆ ಹಳದಿಗೆ ತಿರುಗುತ್ತೆ. ನೋಡಿದ ತಕ್ಷಣ "ಕೊಳೆರೋಗ" ಅಂತ ನಾವೇ ತೀರ್ಮಾನ ಮಾಡಿ, ಅಂಗಡಿಗೆ ಹೋಗಿ, ಅವರು ಕೊಟ್ಟ ಪೌಡರ್ ನೀರಿಗೆ ಕಲಸಿ ಬುಡಕ್ಕೆ ಹಾಕ್ತೀವಿ. ಹತ್ತು ದಿನದಲ್ಲಿ ಅರ್ಧ ಮಡಿ ಹೋಗಿರುತ್ತೆ. ಯಾಕೆಂದರೆ ಅದು ಶಿಲೀಂಧ್ರದ ಕೊಳೆ ಆಗಿರಲಿಲ್ಲ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಆಗಿತ್ತು. ಅದಕ್ಕೆ ಶಿಲೀಂಧ್ರನಾಶಕ ಎಷ್ಟು ಸುರಿದರೂ ಅಷ್ಟೇ.

ಎರಡನ್ನೂ ಬೇರೆ ಮಾಡೋಕೆ ದೊಡ್ಡ ಲ್ಯಾಬ್ ಬೇಡ ಅಂತ ಇಲ್ಲೇ ಹಿಂದೆ ಬರೆದಿದ್ದೆ. ರೋಗ ಬಂದ ಕಾಂಡದ ಒಂದು ತುಂಡು ಕುಯ್ದು, ಗಾಜಿನ ಲೋಟದಲ್ಲಿ ಶುದ್ಧ ನೀರು ಹಾಕಿ, ಕುಯ್ದ ಭಾಗ ಮುಳುಗುವ ಹಾಗೆ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಇಳಿದು ಬಂದರೆ ಬ್ಯಾಕ್ಟೀರಿಯಾ ಸೊರಗು. ಬರದಿದ್ದರೆ ಬೇರೆ ಕಾರಣ ಹುಡುಕಬೇಕು. ಐದು ನಿಮಿಷದ ಕೆಲಸ, ಆದರೆ ಎಕರೆಗೆ ಲಕ್ಷಾಂತರ ರೂಪಾಯಿ ಉಳಿಸುತ್ತೆ.

ಈ ವಾರ ಬೆಳೆ ಬಗ್ಗೆ ಬರೀತಾ ಇಲ್ಲ. ಬೆಳೆಯುವವರ ಎದೆ ಬಗ್ಗೆ ಬರೀತಾ ಇದೀನಿ. ನಾನು ಡಾಕ್ಟ್ರಲ್ಲ, ತೋಟಗಾರಿಕೆ ಓದಿ ಸಾವಯವ ಕೃಷಿಗೆ ಇಳಿದವರಲ್ಲಿ ಒಬ್ಬ. ಆದರೆ ಕಾಲೇಜಿನಲ್ಲಿ ಸಸ್ಯರೋಗ ಪಾಠ ಹೇಳಿಕೊಟ್ಟ ಒಂದು ಶಿಸ್ತಿದೆ: ಲಕ್ಷಣ ಬೇರೆ, ರೋಗ ಬೇರೆ, ಲಕ್ಷಣ ನೋಡಿ ಔಷಧಿ ಹೊಡೆಯಬೇಡ, ಮೊದಲು ರೋಗ ಗುರುತಿಸು. ನಮ್ಮ ಮನೆಯಲ್ಲೇ ಆ ಶಿಸ್ತು ಒಂಬತ್ತು ವರ್ಷ ಯಾರಿಗೂ ನೆನಪಾಗಲಿಲ್ಲ, ನನಗೂ ಸೇರಿ.

ದೊಡ್ಡಮ್ಮನ ದಮ್ಮು

ನಮ್ಮ ದೊಡ್ಡಮ್ಮನಿಗೆ ಈಗ ಐವತ್ತೇಳು. ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ನಲವತ್ತೆಂಟರ ಹೊತ್ತಿಗೆ ಬೆಳಗಿನ ಕೆಮ್ಮು ಶುರುವಾಯ್ತು. ಮೊದಲು "ಅಲರ್ಜಿ" ಅಂದರು. ಆಮೇಲೆ ಇನ್ನೊಂದು ಕಡೆ "ಗೂರಲು" ಅಂದರು. ಪ್ರತಿ ಚಳಿಗಾಲಕ್ಕೆ ಏದುಸಿರು ಜಾಸ್ತಿ ಆದಾಗ ಒಂದು ಇಂಜೆಕ್ಷನ್, ಒಂದು ವಾರದ ಸಣ್ಣ ಬಿಳಿ ಮಾತ್ರೆ. ಆ ಮಾತ್ರೆ ತಗೊಂಡರೆ ಎರಡು ದಿನಕ್ಕೆ ಆರಾಮ ಅನ್ನಿಸ್ತಿತ್ತು, ಹಾಗಾಗಿ ಮುಂದಿನ ಸಲ ಡಾಕ್ಟ್ರನ್ನು ಕೇಳದೆ ಅದೇ ಚೀಟಿ ತೋರಿಸಿ ಅಂಗಡಿಯಿಂದಲೇ ತರೋದು ಅಭ್ಯಾಸ ಆಯ್ತು. ಅದು ಸ್ಟಿರಾಯ್ಡ್ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂತು, ಸೊಂಟದ ಮೂಳೆ ನೋವು ಬಂತು. ಕಫ ಪರೀಕ್ಷೆ ಎರಡು ಸಲ ಆಯ್ತು, ಕ್ಷಯ ಇಲ್ಲ ಅಂತ ಬಂತು. ಎಕ್ಸ್‌ರೇ ಮೂರು ಸಲ ಆಯ್ತು, "ಪರವಾಗಿಲ್ಲ" ಅಂತ ಬಂತು. ಒಂಬತ್ತು ವರ್ಷದಲ್ಲಿ ಒಂದು ಪರೀಕ್ಷೆ ಮಾತ್ರ ಆಗಿರಲಿಲ್ಲ. ಯಾರೂ ಅವರನ್ನು ಒಂದು ಯಂತ್ರಕ್ಕೆ ಊದಿಸಿರಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಊದಿಸಿದರು. ಯಂತ್ರ ನೋಡಿ ದೊಡ್ಡಮ್ಮ ನಕ್ಕುಬಿಟ್ಟರು. "ನಲವತ್ತು ವರ್ಷ ಊದುಕೊಳವೆ ಊದಿದೀನಿ ಕಣಪ್ಪ, ಇದೇನ್ ಮಹಾ" ಅಂದರು. ಮೂರನೇ ಸಲ ಊದುವಷ್ಟರಲ್ಲಿ ಕುರ್ಚಿ ಹಿಡ್ಕೊಂಡು ಕೂತರು. ಬಂದ ಫಲಿತಾಂಶ ಸಿಒಪಿಡಿ. ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ, ಉಸಿರು ಹೊರಗೆ ಹೋಗೋದು ನಿಧಾನ ಆಗುವ ದೀರ್ಘಕಾಲದ ಕಾಯಿಲೆ. ಅದು ಒಂಬತ್ತು ವರ್ಷ ಅನ್ನಿಸಿಕೊಂಡಿದ್ದ ಗೂರಲು ಅಲ್ಲ.

"ಹೆಸರು ಯಾವುದಾದ್ರೇನು, ಎರಡಕ್ಕೂ ಪಂಪ್ ತಾನೇ ಕೊಡೋದು" ಅಂತ ನನ್ನ ತಮ್ಮ ಕೇಳಿದ. ವ್ಯತ್ಯಾಸ ಇದೆ. ಗೂರಲಿಗೆ, ಅಂದರೆ ಅಸ್ತಮಾಗೆ, ಸೇದುವ ಸ್ಟಿರಾಯ್ಡ್ ಮುಖ್ಯ ಔಷಧಿ; ಅದಿಲ್ಲದೆ ಬರೀ ನಾಳ ಹಿಗ್ಗಿಸುವ ಪಂಪ್ ಮೇಲೆ ನಿಂತರೆ ಜೀವಕ್ಕೇ ಅಪಾಯ. ಸಿಒಪಿಡಿಯಲ್ಲಿ ಉಲ್ಟಾ. ನಾಳ ಹಿಗ್ಗಿಸುವ ದೀರ್ಘಾವಧಿ ಔಷಧಿ ಮುಖ್ಯ, ಸ್ಟಿರಾಯ್ಡ್ ಎಲ್ಲರಿಗೂ ಬೇಕಾಗಲ್ಲ, ಬೇಡದವರಿಗೆ ಕೊಟ್ಟರೆ ನ್ಯುಮೋನಿಯಾ ಅಪಾಯ ಹೆಚ್ಚುತ್ತೆ. ಅದಕ್ಕಿಂತ ದೊಡ್ಡದು, ಕಾಯಿಲೆ ಹೊಗೆಯಿಂದ ಬಂದಿದ್ದು ಅಂತ ಒಂಬತ್ತು ವರ್ಷದ ಹಿಂದೆ ಗೊತ್ತಾಗಿದ್ದರೆ, ಒಂಬತ್ತು ವರ್ಷದ ಹೊಗೆಯನ್ನು ತಪ್ಪಿಸಬಹುದಿತ್ತು. ಹೋದ ಶ್ವಾಸಕೋಶ ವಾಪಸ್ ಬರಲ್ಲ.

ಹೊಗೆ ಎಲ್ಲಿಂದ ಬಂತು

ನಮ್ಮ ಮಲ್ಲಿಪಟ್ಟಣ ಹೋಬಳಿ, ರಾಮನಾಥಪುರ, ಕೊಣನೂರು ಸುತ್ತಮುತ್ತ ಹೊಗೆಸೊಪ್ಪಿನ ಬ್ಯಾರನ್ ಏನು ಅಂತ ವಿವರಿಸಬೇಕಾಗಿಲ್ಲ. ರಾಮನಾಥಪುರದಲ್ಲೇ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಐದಾರು ಹಗಲು, ಐದಾರು ರಾತ್ರಿ ಸೌದೆ ಹಾಕ್ತಾನೇ ಇರಬೇಕು, ಶಾಖ ಹೆಚ್ಚು ಕಮ್ಮಿ ಆಗಬಾರದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತೆ, ಸೊಪ್ಪಿಗೆ ಶಾಖ ಮಾತ್ರ ತಗುಲುತ್ತೆ ಅನ್ನೋದು ನಿಜ. ಆದರೆ ಒಲೆ ಬಾಯಿ ಮುಂದೆ ಕೂತು ಸೌದೆ ತಳ್ಳುವವರಿಗೆ ಹೊಗೆಯೂ ತಗುಲುತ್ತೆ. ಆಮೇಲೆ ಒಣಗಿದ ಸೊಪ್ಪು ವಿಂಗಡಿಸುವಾಗ ಧೂಳು. ಇದು ಸಾಕಾಗದೆ ಇದ್ದರೆ ರಾಗಿ, ಜೋಳ ಒಕ್ಕಣೆ ಧೂಳು.

ಇನ್ನು ಅಡುಗೆಮನೆ. "ನಮ್ಮ ಮನೇಲಿ ಗ್ಯಾಸ್ ಇದೆ" ಅಂತ ಎಲ್ಲರೂ ಹೇಳ್ತಾರೆ. ಉಜ್ವಲ ಯೋಜನೆ 2016ರಲ್ಲಿ ಬಂದ ಮೇಲೆ ಸಿಲಿಂಡರ್ ಇಲ್ಲದ ಮನೆ ಕಮ್ಮಿಯೇ. ಆದರೆ ಬಚ್ಚಲಲ್ಲಿ ಹಂಡೆ ಒಲೆ ಇದೆ. ತೆಂಗಿನ ಗರಿ, ಮೊಟ್ಟೆ, ಜೋಳದ ಬೆಂಡು ಎಲ್ಲ ಅದರೊಳಗೆ ಹೋಗುತ್ತೆ. ಮುದ್ದೆಗೆ ಎಸರು ಇಡೋದು, ದನಕ್ಕೆ ಬೂಸಾ ಬೇಯಿಸೋದು ಸೌದೆ ಒಲೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಮ್ಮ ಅಜ್ಜಿ ಮನೆಯಲ್ಲಿ ಇತ್ತು. ಹೊಗೆ ಕೊಳವೆ ಕಟ್ಟಿಕೊಂಡಾಗ ಯಾರೂ ಬಿಡಿಸಲಿಲ್ಲ, ಕೊನೆಗೆ ಒಲೆ ಒಡೆದು ಹಾಕಿದರು. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ.

ಇದರ ಲೆಕ್ಕ ಹಾಕೋ ಒಂದು ಸುಲಭದ ವಿಧಾನ ನಮ್ಮ ಪಕ್ಕದ ಜಿಲ್ಲೆಯಲ್ಲೇ ಪರೀಕ್ಷೆಗೆ ಒಳಗಾಗಿದೆ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಜೊತೆಗಾರರು ಮೈಸೂರು ಜಿಲ್ಲೆಯ ಹಳ್ಳಿ ಹೆಣ್ಣುಮಕ್ಕಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಇರ್ತೀರಿ, ಅದನ್ನು ಎಷ್ಟು ವರ್ಷ ಮಾಡಿದ್ದೀರಿ ಅನ್ನೋದರಿಂದ ಗುಣಿಸಬೇಕು. ಬಂದ ಅಂಕಿ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಗಣನೀಯವಾಗುತ್ತೆ ಅಂತ ಅವರು ಕಂಡುಕೊಂಡರು. ದಿನಕ್ಕೆ 3 ಗಂಟೆ, 20 ವರ್ಷ ಅಂದರೆ 60. ನಮ್ಮ ದೊಡ್ಡಮ್ಮನದ್ದು 3 ಗಂಟೆ, 38 ವರ್ಷ: 114. ಬ್ಯಾರನ್ ಇದರಲ್ಲಿ ಸೇರಿಲ್ಲ. ವರ್ಷಕ್ಕೆ ಮೂರು ತಿಂಗಳು ಕಫದ ಕೆಮ್ಮು, ಹೀಗೆ ಎರಡು ವರ್ಷ ಬಂದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಅಂತಾರೆ. ಅದು ಮತ್ತು ಸಿಒಪಿಡಿ ಒಂದೇ ಅಲ್ಲ, ಆದರೆ ಎರಡೂ ಒಂದೇ ಹೊಗೆಯ ಮಕ್ಕಳು. ಈ ಲೇಖನ ಓದೋದು ನಿಲ್ಲಿಸಿ ಒಂದು ನಿಮಿಷ ನಿಮ್ಮ ಅಮ್ಮನ ಲೆಕ್ಕ ಹಾಕಿ ನೋಡಿ.

ಡಾಕ್ಟ್ರು "ಬೀಡಿ ಸೇದ್ತೀರಾ" ಅಂತ ಕೇಳ್ತಾರೆ, ಹೆಂಗಸರು "ಇಲ್ಲ" ಅಂತಾರೆ, ಅಲ್ಲಿಗೆ ಸಿಒಪಿಡಿ ಯೋಚನೆಯೇ ಕೈಬಿಟ್ಟು ಹೋಗುತ್ತೆ. ಪ್ರಾಥಮಿಕ ಹಂತದಲ್ಲಿ ಕಾಯಿಲೆ ತಪ್ಪಿಹೋಗೋಕೆ ಇದೊಂದು ದೊಡ್ಡ ಕಾರಣ.

ಎರಡು ಕಡೆಯಿಂದಲೂ ತಪ್ಪು

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬೋಲ್ಡ್ ಅನ್ನೋ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನ ಒಂದಿದೆ. ಎಲ್ಲ ದೇಶದಲ್ಲೂ ಒಂದೇ ವಿಧಾನದಲ್ಲಿ ಜನರನ್ನು ಊದಿಸಿ ಅಳೆಯುತ್ತಾರೆ. ಮೈಸೂರು ಕೂಡ ಅದರ ಒಂದು ಕೇಂದ್ರವಾಗಿತ್ತು. ಇದರ ಜೊತೆಗೆ ಬೇರೆ ಸಮೀಕ್ಷೆಗಳನ್ನೂ ಸೇರಿಸಿ, 27 ದೇಶಗಳ 44 ಕಡೆಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2015ರಲ್ಲಿ ಬಂತು. ಊದಿದಾಗ ಸಿಒಪಿಡಿ ಇದೆ ಅಂತ ಕಂಡವರಲ್ಲಿ ಶೇ. 81ರಷ್ಟು ಜನಕ್ಕೆ ಅದಕ್ಕೆ ಮುಂಚೆ ಯಾರೂ ಆ ಕಾಯಿಲೆ ಇದೆ ಅಂತ ಹೇಳಿರಲಿಲ್ಲ. ಐವರಲ್ಲಿ ನಾಲ್ವರು.

ಹಾಗಂತ ಹೇಳಿದ್ದೆಲ್ಲ ಸರಿಯೂ ಅಲ್ಲ. ಅದೇ ಬೋಲ್ಡ್ ಮಾಹಿತಿಯಿಂದ 2019ರಲ್ಲಿ ಇನ್ನೊಂದು ವರದಿ ಬಂತು. "ನನಗೆ ಸಿಒಪಿಡಿ ಇದೆ ಅಂತ ಡಾಕ್ಟ್ರು ಹೇಳಿದ್ದಾರೆ" ಅಂದ 919 ಜನರನ್ನು ಊದಿಸಿ ನೋಡಿದಾಗ 569 ಜನರಲ್ಲಿ ನಾಳದ ಅಡಚಣೆಯೇ ಕಾಣಲಿಲ್ಲ. ಕೆನಡಾದಲ್ಲಿ ಅಸ್ತಮಾ ಅಂತ ಚೀಟಿ ಇದ್ದ 613 ಜನರನ್ನು ಕೂಲಂಕಷವಾಗಿ ಪರೀಕ್ಷೆ ಮಾಡಿದಾಗ ಮೂವರಲ್ಲಿ ಒಬ್ಬರಿಗೆ ಈಗ ಅಸ್ತಮಾ ಇಲ್ಲ ಅಂತ 2017ರಲ್ಲಿ ವರದಿಯಾಯ್ತು. ಕಾಯಿಲೆ ಇರೋರಿಗೆ ಹೆಸರಿಲ್ಲ, ಹೆಸರಿರೋರಿಗೆ ಕಾಯಿಲೆ ಇಲ್ಲ.

ನಮ್ಮ ಬೀದಿಯಲ್ಲೇ ಒಬ್ಬರು ಹಿರಿಯರು ಇದ್ದರು. ಬೀಡಿ ಸೇದ್ತಿದ್ದರು, ಹಾಗಾಗಿ ಏದುಸಿರಿಗೆ "ಬೀಡಿ ಎದೆ" ಅಂತ ಎಲ್ಲರೂ ಒಪ್ಪಿಕೊಂಡರು. ಎರಡು ವರ್ಷ ಪಂಪ್ ಸೇದಿದರು. ರಾತ್ರಿ ಮಲಗಿದರೆ ಉಸಿರು ಕಟ್ಟೋದು, ಸಂಜೆಗೆ ಕಾಲು ಊದಿಕೊಳ್ಳೋದು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆಮೇಲೆ ಗೊತ್ತಾಯ್ತು, ಹೃದಯ ಸೋತಿತ್ತು. ಶಿಲೀಂಧ್ರನಾಶಕ ಹೊಡೆದುಕೊಂಡು ಕೂತ ಸೊರಗು ರೋಗ ಅದು.

ಭಾರತದಲ್ಲಿ 2016ರ ಅಂದಾಜಿನ ಪ್ರಕಾರ ಸಿಒಪಿಡಿ ಇರುವವರು ಸುಮಾರು 5.5 ಕೋಟಿ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸ್ವಲ್ಪ ಪಾಲು ತಪ್ಪಾದರೂ ಎಷ್ಟು ಮನೆ ಆಗುತ್ತೆ ನೋಡಿ.

ಪ್ರಶ್ನೆ ಕೇಳಿ ಪತ್ತೆ ಮಾಡಬಹುದಾ?

ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಊದುವ ಯಂತ್ರ ಇರಲ್ಲ. ಇದ್ದರೂ ಸರಿಯಾಗಿ ಊದಿಸೋಕೆ ತರಬೇತಿ ಬೇಕು, ಒಬ್ಬರಿಗೆ ಅರ್ಧ ಗಂಟೆ ಬೇಕು. ಹಾಗಾಗಿ ಕೆಲವು ಪ್ರಶ್ನೆ ಕೇಳಿ ಸಂಶಯ ಇರೋರನ್ನು ಮಾತ್ರ ಊದಿಸೋಣ ಅನ್ನೋ ದಾರಿ ಬಂತು. ಮೈಸೂರಿನ ಅದೇ ತಂಡ ಹಳ್ಳಿಗಾಡಿನಲ್ಲಿ ಇಂಥ ಒಂದು ಪ್ರಶ್ನಾವಳಿಯನ್ನು ಯಂತ್ರದ ಫಲಿತಾಂಶದ ಜೊತೆ ಹೋಲಿಸಿ ನೋಡಿದೆ. ಅಮೆರಿಕದಲ್ಲಿ ಕ್ಯಾಪ್ಚರ್ ಅನ್ನೋ ಐದು ಪ್ರಶ್ನೆಯ ವಿಧಾನ ಇದೆ: ಹೊಗೆ, ಧೂಳಿನಲ್ಲಿ ಬದುಕಿದ್ದೀರಾ ಅಥವಾ ದುಡಿದಿದ್ದೀರಾ, ಹವೆ ಬದಲಾದಾಗ ಉಸಿರು ಬದಲಾಗುತ್ತಾ, ಭಾರ ಹೊರೋದು, ಮಣ್ಣು ಎತ್ತೋದು ಕಷ್ಟ ಆಗುತ್ತಾ, ವಯಸ್ಸಿನವರಿಗಿಂತ ಬೇಗ ಸುಸ್ತಾಗ್ತೀರಾ, ವರ್ಷದಲ್ಲಿ ಎಷ್ಟು ಸಲ ನೆಗಡಿ-ಕೆಮ್ಮು-ನ್ಯುಮೋನಿಯಾದಿಂದ ಕೆಲಸ ತಪ್ಪಿತು. ಪ್ರಶ್ನೆ ನಮಗಾಗಿಯೇ ಮಾಡಿದ ಹಾಗಿದೆ. ಉತ್ತರ ಮಧ್ಯದಲ್ಲಿ ಬಂದವರಿಗೆ ಪೀಕ್ ಫ್ಲೋ ಮೀಟರ್ ಅನ್ನೋ ಅಗ್ಗದ ಪ್ಲಾಸ್ಟಿಕ್ ಕೊಳವೆಗೆ ಊದಿಸ್ತಾರೆ.

ಇದು ಎಷ್ಟು ನಿಖರ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಯಾವ ಪರೀಕ್ಷೆ ಬಗ್ಗೆ ಕೇಳಿದರೂ ಇದೇ ಲೆಕ್ಕ ಬೇಕು, ಮಣ್ಣಿನ ಪರೀಕ್ಷೆಯೇ ಆಗಲಿ. ಪರೀಕ್ಷೆಗೆ ಎರಡು ಗುಣ ಇರುತ್ತೆ. ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯುತ್ತೆ ಅನ್ನೋದು ಒಂದು. ಕಾಯಿಲೆ ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಬಿಡುತ್ತೆ ಅನ್ನೋದು ಇನ್ನೊಂದು. ಆಲೂಗಡ್ಡೆ ಜರಡಿ ಹಿಡಿಯುವಾಗ ಕಣ್ಣು ದೊಡ್ಡದಿದ್ದರೆ ಒಳ್ಳೆ ಗೆಡ್ಡೆಯೂ ಕೆಳಗೆ ಬೀಳುತ್ತೆ, ಸಣ್ಣದಿದ್ದರೆ ಮಣ್ಣು ಹೆಂಟೆಯೂ ಮೇಲೆ ನಿಲ್ಲುತ್ತೆ. ಎರಡೂ ಒಟ್ಟಿಗೆ ಸರಿಯಾಗಿರೋ ಜರಡಿ ಸಿಗೋದು ಕಷ್ಟ.

2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಅಮೆರಿಕದ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ 4,325 ಜನ, ಯಾರಿಗೂ ಮೊದಲು ಸಿಒಪಿಡಿ ಅಂತ ಹೇಳಿರಲಿಲ್ಲ. ಯಂತ್ರದಲ್ಲಿ ಊದಿಸಿದಾಗ 110 ಜನಕ್ಕೆ ಚಿಕಿತ್ಸೆ ಬೇಕಾದಷ್ಟು ಕಾಯಿಲೆ ಇತ್ತು. ಪ್ರಶ್ನೆ ಮತ್ತು ಕೊಳವೆ ಹಿಡಿದದ್ದು ಅವರಲ್ಲಿ 53 ಜನರನ್ನು. ಉಳಿದ 57 ಜನ "ಏನಿಲ್ಲ" ಅಂತ ಮನೆಗೆ ಹೋಗುವವರೇ. ಕಾಯಿಲೆ ಇಲ್ಲದ 4,215 ಜನರಲ್ಲಿ ಶೇ. 88.6 ಜನರನ್ನು ಸರಿಯಾಗಿ ಬಿಟ್ಟಿತು. ಶೇ. 88.6 ಅಂದರೆ ಫಸ್ಟ್ ಕ್ಲಾಸ್ ಅನ್ನಿಸುತ್ತೆ ಅಲ್ವಾ? ಆದರೆ ಉಳಿದ ಶೇ. 11.4 ಅಂದರೆ ಸುಮಾರು 480 ಜನ. ಒಟ್ಟು ಸಂಶಯ ಅಂತ ಬಂದ 530 ಚಿಲ್ಲರೆ ಜನರಲ್ಲಿ ನಿಜವಾದ ಕಾಯಿಲೆ ಇದ್ದದ್ದು 53, ಹತ್ತರಲ್ಲಿ ಒಬ್ಬರಿಗೆ.

ಕಾಯಿಲೆ ಅಪರೂಪ ಆದಷ್ಟೂ ಸುಳ್ಳು ಸಂಶಯದ ಪಾಲು ಹೆಚ್ಚುತ್ತೆ. ಕಾಯಿಲೆ ಹೆಚ್ಚಿರೋ ಕಡೆ ಅದೇ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತೆ. ಮೂವತ್ತು ವರ್ಷ ಬ್ಯಾರನ್ ಮುಂದೆ ಕೂತವರಿಗೆ ಕೇಳಿದ ಪ್ರಶ್ನೆಗೂ ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಕೇಳಿದ ಪ್ರಶ್ನೆಗೂ ತೂಕ ಒಂದೇ ಅಲ್ಲ. ನಮ್ಮ ಕಡೆ ಪ್ರಶ್ನಾವಳಿಯನ್ನು ಬಿಸಾಡಬಾರದು ಅಂತ ನನ್ನ ಅನಿಸಿಕೆ. ಆದರೆ ಪ್ರಶ್ನೆಯ ಉತ್ತರವನ್ನೇ ಕಾಯಿಲೆಯ ಹೆಸರು ಅಂತ ಬರೆದುಕೊಡಬಾರದು. ಅದು ಯಂತ್ರದ ಕಡೆಗೆ ಕಳಿಸೋ ಚೀಟಿ, ಅಷ್ಟೇ.

ಈ ಕೆಲಸಕ್ಕೆ ನಮ್ಮಲ್ಲಿ ಆಗಲೇ ಒಂದು ಫಾರಂ ಇದೆ. ಮೂವತ್ತು ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಬಂದು ಬಿಪಿ, ಶುಗರ್, ಕ್ಯಾನ್ಸರ್ ಅಪಾಯದ ಪಟ್ಟಿ ತುಂಬಿಸಿಕೊಳ್ತಾರಲ್ಲ, ಅದರಲ್ಲಿ ಉಸಿರಾಟದ ತೊಂದರೆ, ಎರಡು ವಾರಕ್ಕೂ ಹೆಚ್ಚಿನ ಕೆಮ್ಮು, ಅಡುಗೆಗೆ ಬಳಸುವ ಉರುವಲು, ಕೆಲಸದಲ್ಲಿ ಹೊಗೆ ಇವನ್ನೂ ಕೇಳ್ತಾರೆ. ನಾವು ಏನ್ ಮಾಡ್ತೀವಿ? "ಗ್ಯಾಸ್ ಬರ್ಕೊಳಕ್ಕಾ" ಅಂತ ಕಳಿಸಿಬಿಡ್ತೀವಿ. ಹಂಡೆ ಒಲೆ ಹೇಳಲ್ಲ, ಬ್ಯಾರನ್ ಹೇಳಲ್ಲ, ಗದ್ದೆಯಲ್ಲಿ ಹುಲ್ಲು ಸುಡೋದು ಹೇಳಲ್ಲ. ಮುಂದಿನ ಸಲ ಬಂದಾಗ ಕೂರಿಸಿ ಕಾಫಿ ಕೊಟ್ಟು ಸರಿಯಾಗಿ ಬರೆಸಿ.

ಊದುವ ಯಂತ್ರ ಏನು ಅಳೆಯುತ್ತೆ

ಇದರ ಹೆಸರು ಸ್ಪೈರೋಮೀಟರ್. ಹನಿ ನೀರಾವರಿ ಮಾಡಿರುವವರಿಗೆ ಇದು ಬೇಗ ಅರ್ಥ ಆಗುತ್ತೆ. ತೊಟ್ಟಿ ತುಂಬ ನೀರಿದೆ. ಪೈಪ್ ಚೆನ್ನಾಗಿದ್ದರೆ ಗೇಟ್‌ವಾಲ್ವ್ ತೆಗೆದ ತಕ್ಷಣ ನೀರು ರಭಸವಾಗಿ ಹೋಗುತ್ತೆ. ಪೈಪಿನೊಳಗೆ ಸುಣ್ಣ, ಪಾಚಿ ಕಟ್ಟಿಕೊಂಡಿದ್ದರೆ ತೊಟ್ಟಿ ಖಾಲಿ ಆಗೋದು ಆಗುತ್ತೆ, ಆದರೆ ನಿಧಾನ. ಎದೆಯೂ ಹಾಗೇ. ಪೂರ್ತಿ ಉಸಿರು ಎಳೆದುಕೊಂಡು ಒಂದೇ ರಭಸಕ್ಕೆ ಊದಿದಾಗ ಒಟ್ಟು ಎಷ್ಟು ಗಾಳಿ ಹೊರಬಂತು ಅನ್ನೋದು ಒಂದು ಅಳತೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಅನ್ನೋದು ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಆರೋಗ್ಯವಂತ ವಯಸ್ಕರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಗಾಳಿ ಮೊದಲ ಸೆಕೆಂಡಿನಲ್ಲೇ ಬಂದುಬಿಡುತ್ತೆ.

ಒಂದು ಸಲ ಊದಿಸಿ ಬಿಟ್ಟರೆ ಸಾಲದು. ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು, ಸುಮಾರು ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸಬೇಕು. ಔಷಧಿ ಆದ ಮೇಲೂ ಆ ಅನುಪಾತ 0.70ಕ್ಕಿಂತ ಕಡಿಮೆ ಇದ್ದು, ಲಕ್ಷಣಗಳೂ ಹೊಗೆಯ ಚರಿತ್ರೆಯೂ ಇದ್ದರೆ ಸಿಒಪಿಡಿ. ಔಷಧಿ ಆದ ಮೇಲೆ ಮೊದಲ ಸೆಕೆಂಡಿನ ಗಾಳಿ ಶೇ. 12ಕ್ಕಿಂತಲೂ 200 ಮಿಲಿಲೀಟರ್‌ಗಿಂತಲೂ ಹೆಚ್ಚು ಏರಿದರೆ ಅಸ್ತಮಾ ಕಡೆಗೆ ವಾಲುತ್ತೆ. ನಮ್ಮ ದೊಡ್ಡಮ್ಮನದ್ದು ಔಷಧಿ ಆದ ಮೇಲೆ ಒಟ್ಟು 2 ಲೀಟರ್, ಮೊದಲ ಸೆಕೆಂಡಿನಲ್ಲಿ 1.08 ಲೀಟರ್, ಅನುಪಾತ 0.54. ಏರಿಕೆ ಬರೀ 60 ಮಿಲಿಲೀಟರ್. ಅಂದರೆ ಪೈಪ್ ಕಟ್ಟಿದೆ, ಆಸಿಡ್ ಬಿಟ್ಟರೂ ಪೂರ್ತಿ ಬಿಟ್ಟುಕೊಳ್ಳಲ್ಲ.

ಯಂತ್ರವೂ ದೇವರಲ್ಲ. 0.70 ಅನ್ನೋದು ಎಲ್ಲ ವಯಸ್ಸಿಗೂ ಒಂದೇ ಗೆರೆ. ವಯಸ್ಸಾದ ಹಾಗೆ ಈ ಅನುಪಾತ ತಾನಾಗೇ ಇಳಿಯುತ್ತೆ, ಹಾಗಾಗಿ ಎಪ್ಪತ್ತೈದು ವರ್ಷದ ಗಟ್ಟಿ ಮುದುಕರಿಗೂ ಕಾಯಿಲೆ ಅಂತ ಬರಬಹುದು, ಮೂವತ್ತೈದರ ಕಾಯಿಲೆಯವರು ತಪ್ಪಿಸಿಕೊಳ್ಳಬಹುದು. ಅನುಪಾತ 0.60ರಿಂದ 0.80ರ ಮಧ್ಯೆ ಬಂದರೆ ಇನ್ನೊಂದು ದಿನ ಮತ್ತೆ ಊದಿಸಿ ಖಚಿತ ಮಾಡಿಕೊಳ್ಳಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತೆ. ಹಿಂದೆ ಕ್ಷಯ ಬಂದು ವಾಸಿಯಾದವರಲ್ಲೂ ಇದೇ ಥರ ಅಡಚಣೆ ಕಾಣಬಹುದು, ಅದಕ್ಕೇ ಹಳೇ ಕ್ಷಯದ ವಿಷಯ ಮುಚ್ಚಿಡಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ, ಆಮೇಲೆ ಊದೋದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಶುರುವಿನ ಸಿಒಪಿಡಿಯಲ್ಲಿ ಎಕ್ಸ್‌ರೇ ಪೂರ್ತಿ ಚೆನ್ನಾಗಿರಬಹುದು, ಸ್ಟೆತಸ್ಕೋಪಿಗೂ ಏನೂ ಕೇಳದೆ ಇರಬಹುದು. ಎಕ್ಸ್‌ರೇ ತೆಗೆಯೋದು ಬೇರೆ ಕಾಯಿಲೆ ಇದೆಯಾ ಅಂತ ನೋಡೋಕೆ. ನಾವು "ಫಿಲಂ ಕ್ಲೀನ್ ಐತೆ" ಅಂತ ಖುಷಿಯಾಗಿ ಮನೆಗೆ ಬಂದಿದ್ದೆವು, ಮೂರು ಸಲ.

ಸಾವಯವ ಮಾಡುವವರಿಗೆ ಬೇರೆಯೇ ಒಂದು ಎಚ್ಚರಿಕೆ

ರಾಸಾಯನಿಕ ಬಿಟ್ಟಿದೀವಿ, ನಮ್ಮ ಎದೆಗೆ ತೊಂದರೆ ಇಲ್ಲ ಅಂತ ಅಂದುಕೊಳ್ಳೋದು ನಮ್ಮ ಗುಂಪಿನಲ್ಲಿ ಇರೋ ಒಂದು ಜಂಬ. ನೆನೆದು ಬಿಸಿಯಾಗಿ ಬೂಷ್ಟು ಹಿಡಿದ ಭತ್ತದ ಹುಲ್ಲು, ಅರ್ಧ ಕೊಳೆತ ಕಾಂಪೋಸ್ಟ್ ರಾಶಿ ಇವುಗಳಲ್ಲಿ ಶಾಖ ಇಷ್ಟಪಡುವ ಒಂದು ಜಾತಿಯ ಸೂಕ್ಷ್ಮಜೀವಿ ಬೆಳೆಯುತ್ತೆ. ರಾಶಿ ತಿರುವಿದಾಗ ಬಿಳಿ ಹೊಗೆಯ ಥರ ಏಳುತ್ತಲ್ಲ, ಅದು ಬರೀ ಆವಿ ಅಲ್ಲ, ಅದರ ಬೀಜಾಣುಗಳೂ ಇರುತ್ತವೆ. ಕೆಲವರ ಶ್ವಾಸಕೋಶಕ್ಕೆ ಅದು ಆಗಿಬರಲ್ಲ. ಕೆಲಸ ಮುಗಿಸಿದ ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಚಳಿ, ಜ್ವರ, ಒಣ ಕೆಮ್ಮು, ಉಸಿರು ಕಟ್ಟೋದು. ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತೆ. ಮತ್ತೆ ಮತ್ತೆ ಆದರೆ ಶ್ವಾಸಕೋಶ ಗಟ್ಟಿಯಾಗ್ತಾ ಹೋಗುತ್ತೆ. ವೈದ್ಯಕೀಯ ಪುಸ್ತಕದಲ್ಲಿ ಇದಕ್ಕೆ ರೈತನ ಶ್ವಾಸಕೋಶ ಅಂತಲೇ ಹೆಸರು.

ಹೋದ ವರ್ಷ ಶುಂಠಿ ಮಡಿಗೆ ಹೊದಿಕೆ ಮಾಡೋಕೆ ಬೂಷ್ಟು ಹುಲ್ಲು ಹರಡಿದ ರಾತ್ರಿ ನನಗೇ ಹೀಗಾಯ್ತು. "ವೈರಲ್ ಜ್ವರ" ಅಂತ ಮಾತ್ರೆ ನುಂಗಿದೆ. ಎರಡನೇ ಸಲ ಹುಲ್ಲು ಮುಟ್ಟಿದ ರಾತ್ರಿಯೇ ಮತ್ತೆ ಬಂದಾಗ ಬುದ್ಧಿ ಬಂತು. ಇದರಲ್ಲಿ ಪೈಪ್ ಕಟ್ಟೋದಲ್ಲ, ತೊಟ್ಟಿಯೇ ಚಿಕ್ಕದಾಗೋದು: ಊದಿದಾಗ ಒಟ್ಟು ಗಾಳಿಯೇ ಕಮ್ಮಿ, ಆದರೆ ಅನುಪಾತ ಚೆನ್ನಾಗಿರುತ್ತೆ. ಹಾಗಾಗಿ ಯಂತ್ರದ ಅಂಕಿಯಿಂದ ಮಾತ್ರ ಇದನ್ನು ಹೇಳೋಕಾಗಲ್ಲ. "ನಿನ್ನೆ ಏನ್ ಕೆಲಸ ಮಾಡಿದ್ರಿ" ಅಂತ ಡಾಕ್ಟ್ರು ಕೇಳಬೇಕು, ಕೇಳದಿದ್ದರೆ ನಾವೇ ಹೇಳಬೇಕು. ಹುಲ್ಲನ್ನು ಚೆನ್ನಾಗಿ ಒಣಗಿಸಿ ಬಣವೆ ಹಾಕಿ. ರಾಶಿ ತಿರುವೋ ಮುಂಚೆ ನೀರು ಚಿಮುಕಿಸಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಎನ್-95 ಮಾಸ್ಕ್ ಹಾಕಿಕೊಳ್ಳಿ. ಟವಲ್ ಸುತ್ತಿಕೊಂಡರೆ ಈ ಬೀಜಾಣು ನಿಲ್ಲಲ್ಲ.

ಆಸ್ಪತ್ರೆಗೆ ಹೋಗುವಾಗ

ಡಾಕ್ಟ್ರ ಮುಂದೆ ನಮಗೆ ಸಿಗೋದು ಕೆಲವೇ ನಿಮಿಷ. ಮನೆಯಲ್ಲೇ ಒಂದು ಚೀಟಿ ಬರೆದುಕೊಂಡು ಹೋಗಿ: ಒಲೆಯ ಗಂಟೆ-ವರ್ಷದ ಲೆಕ್ಕ, ಬ್ಯಾರನ್ ಎಷ್ಟು ವರ್ಷ, ಬೀಡಿ, ಹಿಂದೆ ಕ್ಷಯ ಬಂದಿತ್ತಾ, ಏದುಸಿರು ದಿನಾ ಒಂದೇ ಥರ ಇರುತ್ತಾ ಅಥವಾ ಬಂದು ಹೋಗುತ್ತಾ, ಮನೆಯಲ್ಲಿ ಬೇರೆಯವರಿಗೆ ಗೂರಲು ಇದೆಯಾ, ಕಾಲು ಊತ ಇದೆಯಾ. ಬಂದು ಹೋಗೋದು, ಚಿಕ್ಕ ವಯಸ್ಸಿನಿಂದ ಇರೋದು, ರಾತ್ರಿ-ಬೆಳಗಿನ ಜಾವ ಜಾಸ್ತಿ ಆಗೋದು ಅಸ್ತಮಾದ ಗುಣ. ನಲವತ್ತರ ಮೇಲೆ ಶುರುವಾಗಿ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗೋದು ಸಿಒಪಿಡಿಯ ಗುಣ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ತಗೊಳ್ತಿರೋ ಮಾತ್ರೆಯ ಖಾಲಿ ಪಟ್ಟಿ ಬಿಸಾಡದೆ ತಗೊಂಡು ಹೋಗಿ. ಆ ಸಣ್ಣ ಬಿಳಿ ಮಾತ್ರೆ ಏನು ಅಂತ ನೇರವಾಗಿ ಕೇಳಿ. ಆದರೆ ಬಹಳ ದಿನದಿಂದ ತಗೊಳ್ತಿದ್ದರೆ ನೀವೇ ದಿಢೀರ್ ನಿಲ್ಲಿಸಬೇಡಿ, ಅದೂ ಅಪಾಯ. ಆಮೇಲೆ ಸಂಕೋಚ ಇಲ್ಲದೆ ಕೇಳಿ, "ಊದೋ ಪರೀಕ್ಷೆ ಮಾಡಿಸಬಹುದಾ ಸಾರ್?" ಹತ್ತಿರ ಇಲ್ಲದಿದ್ದರೆ ಹಾಸನದ ಹಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಪರೀಕ್ಷೆಯ ದಿನ ಹೊಟ್ಟೆ ಬಿರಿಯ ಮುದ್ದೆ ಉಂಡು ಹೋಗಬೇಡಿ, ಬಿಗಿ ಬಟ್ಟೆ ಬೇಡ. ಪಂಪ್ ಬಳಸುತ್ತಿದ್ದರೆ ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ, ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಆಪರೇಷನ್ ಆಗಿದ್ದರೆ, ಕಫದಲ್ಲಿ ರಕ್ತ ಬರ್ತಿದ್ದರೆ ಮೊದಲೇ ಹೇಳಿ. ಮೂಗಿಗೆ ಕ್ಲಿಪ್ ಹಾಕ್ತಾರೆ, ತುಟಿ ಬಿಗಿಯಾಗಿ ಕೊಳವೆ ಹಿಡಿಯಬೇಕು, ಎದೆ ತುಂಬ ಎಳೆದು ಒಂದೇ ಏಟಿಗೆ ಜೋರಾಗಿ ಊದಿ, ಸಾಕು ಅನ್ನೋವರೆಗೂ ನಿಲ್ಲಿಸಬಾರದು, ಆರು ಸೆಕೆಂಡಾದರೂ. ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು, ಅದರಲ್ಲಿ ಒಳ್ಳೆಯ ಎರಡು ಒಂದಕ್ಕೊಂದು ಹತ್ತಿರ ಇರಬೇಕು. ಮಧ್ಯದಲ್ಲಿ ಕೆಮ್ಮಿದರೆ, ಅರ್ಧಕ್ಕೆ ಬಿಟ್ಟರೆ ಆ ಸಲದ್ದು ಲೆಕ್ಕಕ್ಕಿಲ್ಲ. ಕೆಟ್ಟದಾಗಿ ಊದಿದ ಪರೀಕ್ಷೆ ಪರೀಕ್ಷೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದರ ಮೇಲೆ ಹೆಸರು ಬರೆದುಬಿಡ್ತಾರೆ.

ದೊಡ್ಡಮ್ಮನ ಹಂಡೆ ಒಲೆಯನ್ನು ಬಚ್ಚಲಿಂದ ಹಿತ್ತಲಿಗೆ ಸಾಗಿಸಿದೀವಿ, ಬೆಂಕಿ ಹಾಕೋದು ಈಗ ನನ್ನ ತಮ್ಮನ ಕೆಲಸ. ಅವರ ಊದಿದ ವರದಿ ಪಾತ್ರೆ ಅಂಗಡಿ ಬಿಲ್ಲಿನ ಥರದ ಕಾಗದದಲ್ಲಿ ಬಂದಿತ್ತು. ಆರು ತಿಂಗಳಿಗೆ ಅಕ್ಷರ ಮಾಸಿಹೋಗುತ್ತೆ ಅಂತ ಅಲ್ಲಿನ ಸಿಸ್ಟರ್ ಹೇಳಿದ್ದಕ್ಕೆ ಅವತ್ತೇ ಎರಡು ಜೆರಾಕ್ಸ್ ಮಾಡಿಸಿದೆ. ಒಂದು ಪಹಣಿ ಇಡೋ ಟ್ರಂಕಿನಲ್ಲಿದೆ. ಮುಂದಿನ ವರ್ಷ ಊದಿದಾಗ 1.08 ಎಲ್ಲಿಗೆ ಬಂತು ಅಂತ ನೋಡೋಕೆ ಅದು ಬೇಕು.